ಫೋರ್ ವೀಲ್ ಡ್ರೈವ್ ತಗೊಂಡರೆ ಇಳಿಜಾರಲ್ಲಿ ಭಯ ಇಲ್ಲ ಅಲ್ವಾ?

ಓದುಗರ ಪ್ರಶ್ನೆ: ನಾಗಮಂಗಲ ತಾಲ್ಲೂಕಿನಲ್ಲಿ ನಮಗೆ ಎರಡೂವರೆ ಎಕರೆ ಹೊಲ ಇದೆ. ಗುಡ್ಡದ ಬುಡ, ಪೂರ್ತಿ ಇಳಿಜಾರು. ರಾಗಿ, ಹುರುಳಿ ಹಾಕ್ತೀವಿ, ಒಂದು ಕಡೆ ಮಾವಿದೆ. ಸಣ್ಣ ಟ್ರ್ಯಾಕ್ಟರ್ ತಗೋಬೇಕು ಅಂತಿದ್ದೀವಿ. ಯಾವುದು ಒಳ್ಳೇದು? ಫೋರ್ ವೀಲ್ ಡ್ರೈವ್ ತಗೊಂಡರೆ ಇಳಿಜಾರಲ್ಲಿ ಪಲ್ಟಿ ಆಗೋ ಭಯ ಇರಲ್ಲ ಅಲ್ವಾ?

ಉತ್ತರ: ಪ್ರತಿ ವರ್ಷ ಮುಂಗಾರಿಗೆ ಮುಂಚೆ ಈ ಪ್ರಶ್ನೆ ಬಂದೇ ಬರುತ್ತದೆ. ಒಮ್ಮೆ ಪಾಂಡವಪುರದಿಂದ, ಒಮ್ಮೆ ಹೆಗ್ಗಡದೇವನಕೋಟೆಯಿಂದ, ಒಮ್ಮೆ ಮೇಲುಕೋಟೆ ಬೆಟ್ಟದ ಬುಡದ ಹಳ್ಳಿಗಳಿಂದ. ಊರು ಬೇರೆ ಬೇರೆ, ಕೊನೆಯ ವಾಕ್ಯ ಮಾತ್ರ ಅದೇ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಗಾಡಿಯ ಹೆಸರು ಆಮೇಲೆ, ಮೊದಲು ಆ ಕೊನೆಯ ವಾಕ್ಯ.

ಫೋರ್ ವೀಲ್ ಡ್ರೈವ್‌ಗೂ ಪಲ್ಟಿ ಆಗದಿರುವುದಕ್ಕೂ ಸಂಬಂಧ ಇಲ್ಲ. ಫೋರ್ ವೀಲ್ ಕೊಡುವುದು ಹಿಡಿತ. ಒದ್ದೆಯಾದ ಕೆಂಪು ಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುವಾಗ ಮುಂದಿನ ಚಕ್ರವೂ ಎಳೆಯುತ್ತದೆ. ಅಷ್ಟೇ ಅದರ ಕೆಲಸ. ಗಾಡಿ ಪಕ್ಕಕ್ಕೆ ಮಗುಚುವುದು ಹಿಡಿತ ತಪ್ಪಿದ್ದರಿಂದ ಅಲ್ಲ, ತೂಕ ಚಕ್ರದ ಆಚೆಗೆ ಹೋದದ್ದರಿಂದ.

ಗಾಡಿಯ ತೂಕವೆಲ್ಲ ಒಂದೇ ಬಿಂದುವಿನಲ್ಲಿ ಕೂತಿದೆ ಅಂದುಕೊಳ್ಳಿ. ಅಲ್ಲಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟರೆ ಅದು ಚಕ್ರಗಳ ನಡುವೆ ಬೀಳಬೇಕು. ಗಾಡಿ ಓರೆಯಾದಷ್ಟೂ ಗುಂಡು ಕೆಳಗಿನ ಚಕ್ರದ ಕಡೆ ಸರಿಯುತ್ತದೆ. ಚಕ್ರ ದಾಟಿತೋ, ಗಾಡಿ ಮಗುಚಿತು. ಎಂಜಿನ್ ಎಷ್ಟು ಎಚ್‌ಪಿ, ಎಷ್ಟು ಚಕ್ರಕ್ಕೆ ಡ್ರೈವ್ ಇದೆ ಅನ್ನುವುದನ್ನು ಗುಂಡು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಎರಡೇ: ತೂಕ ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುವೆ ಎಷ್ಟು ಅಗಲ ಇದೆ.

ಇದರ ಜೊತೆಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಬಿಗಿಯಾಗಿ ಕೂತಿರುವುದಿಲ್ಲ. ನಡುವೆ ಒಂದು ಪಿನ್ ಇರುತ್ತದೆ. ಉಬ್ಬುತಗ್ಗಿಗೆ ತಕ್ಕಂತೆ ಆಕ್ಸಲ್ ಅದರ ಮೇಲೆ ಎಡಕ್ಕೆ, ಬಲಕ್ಕೆ ತೂಗಾಡುತ್ತದೆ. ಫೋರ್ ವೀಲ್ ಗಾಡಿಯಲ್ಲೂ ಹಾಗೇ. ಹಾಗಾಗಿ ಕಣ್ಣಿಗೆ ನಾಲ್ಕು ಚಕ್ರ ಕಂಡರೂ ಗಾಡಿ ನಿಂತಿರುವುದು ಮೂರು ಕಡೆ, ಮುಕ್ಕಾಲಿಯ ಹಾಗೆ: ಹಿಂದಿನ ಎರಡು ಚಕ್ರ ಮತ್ತು ಮುಂದಿನ ಆ ಪಿನ್. ಗಾಡಿ ವಾಲಲು ಶುರುವಾದಾಗ ಮುಂದಿನ ಚಕ್ರಗಳು ತಡೆಯುವುದಿಲ್ಲ. ಆಕ್ಸಲ್ ತಿರುಗಿ ತನ್ನ ಮಿತಿಗೆ ಬಡಿದ ಮೇಲಷ್ಟೇ ಅವು ಸಹಾಯಕ್ಕೆ ಬರುತ್ತವೆ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ.

ಈಗ ಅಗಲಕ್ಕೆ ಬನ್ನಿ. ಸಾಲುಗಳ ನಡುವೆ ಹೋಗಲಿ ಅಂತ ಸಣ್ಣ ಟ್ರ್ಯಾಕ್ಟರುಗಳನ್ನು ಕಿರಿದಾಗಿ ಮಾಡಿರುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಮಟ್ಟಸವಾದ ಕಬ್ಬಿನ ಗದ್ದೆಯಲ್ಲಿ ಅದು ಒಳ್ಳೆಯ ಗುಣ. ನಿಮ್ಮ ಗುಡ್ಡದ ಹೊಲದಲ್ಲಿ ಅದೇ ಅಪಾಯ. 3 ಅಡಿ ಅಗಲದ ಗಾಡಿಯ ಮೇಲ್ಗಡೆ ಚಕ್ರ ಅರ್ಧ ಅಡಿಯ ಕಲ್ಲು ಹತ್ತಿದರೆ ಓರೆ ಒಂದೇ ಏಟಿಗೆ 9 ಡಿಗ್ರಿಗಿಂತ ಜಾಸ್ತಿಯಾಗುತ್ತದೆ. ಅದೇ ಹೊತ್ತಿಗೆ ಕೆಳಗಡೆ ಚಕ್ರ ಹಳ್ಳಕ್ಕೆ ಇಳಿದರೆ ಇನ್ನಷ್ಟು. ಮಂಡ್ಯದಲ್ಲಿ ಸ್ನೇಹಿತರ ಗದ್ದೆಯಲ್ಲಿ ಚೆನ್ನಾಗಿ ಓಡಿದ ಗಾಡಿಯನ್ನು ನೋಡಿ, ಅದನ್ನೇ ನಾಗಮಂಗಲದ ಇಳಿಜಾರಿಗೆ ತರಬೇಡಿ ಅಂತ ಬೇಡಿಕೊಳ್ಳುವುದು ಇದಕ್ಕೇ.

ಫೋರ್ ವೀಲ್ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಟೂ ವೀಲ್ ಗಾಡಿ ಕಡಿದಾದ ಕಡೆ ಚಕ್ರ ಜಾರಿ ನಿಂತುಬಿಡುತ್ತದೆ. ಅದು ಎಚ್ಚರಿಕೆ. ಫೋರ್ ವೀಲ್ ಗಾಡಿ ಆ ಎಚ್ಚರಿಕೆ ಕೊಡದೆ, ಹೋಗಬಾರದ ಜಾಗಕ್ಕೂ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ.

ಹಾಗಾದರೆ ಫೋರ್ ವೀಲ್ ಬೇಡವಾ? ಬೇಕು. ನಿಮಗೆ ನಾನು ಹೇಳುವುದೂ ಫೋರ್ ವೀಲನ್ನೇ, ಕಾರಣ ಮಾತ್ರ ಬೇರೆ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಇಳಿಯುವಾಗ ತೂಕ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಜಾರುತ್ತದೆ. ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರವೂ ಗೇರಿಗೆ ಕಟ್ಟಿಕೊಂಡಿರುತ್ತದೆ. ಎಂಜಿನ್ ಮತ್ತು ಬ್ರೇಕಿನ ಹಿಡಿತ ನಾಲ್ಕಕ್ಕೂ ಸಿಗುತ್ತದೆ. ಆದ್ದರಿಂದ ಹೊಲದಲ್ಲಿ ಇಳಿಯುವಾಗ ಫೋರ್ ವೀಲ್ ಹಾಕಿಯೇ ಇಳಿಯಿರಿ. ಹತ್ತುವಾಗ ಹಾಕಿ ಇಳಿಯುವಾಗ ತೆಗೆಯುವವರು ತುಂಬಾ ಜನ ಇದ್ದಾರೆ, ಅದು ಪೂರ್ತಿ ಉಲ್ಟಾ. ಟಾರು ರಸ್ತೆಗೆ ಬಂದ ಮೇಲೆ ತೆಗೆಯಿರಿ, ಇಲ್ಲದಿದ್ದರೆ ಟೈರು ಸವೆಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವುದಂತೂ ಬೇಡವೇ ಬೇಡ. ಲೋ ಗೇರನ್ನು ಮೇಲೆಯೇ ಹಾಕಿಕೊಳ್ಳಿ, ನಡುವೆ ಕ್ಲಚ್ ಒತ್ತಬೇಡಿ. ಎರಡು ಬ್ರೇಕ್ ಪೆಡಲನ್ನೂ ಸೇರಿಸಿ ಲಾಕ್ ಮಾಡಿ. ಒಂದೇ ಪೆಡಲಿಗೆ ಕಾಲು ಬಿದ್ದರೆ ಗಾಡಿ ಗಕ್ಕನೆ ಒಂದು ಕಡೆ ತಿರುಗುತ್ತದೆ.

ಕೊಳ್ಳುವ ಮೊದಲು ಇಳಿಜಾರು ಅಳೆಯಿರಿ. ಕಣ್ಣಂದಾಜು ನಂಬಬೇಡಿ. 10 ಅಡಿಯ ನೇರವಾದ ಗಳ ತೆಗೆದುಕೊಂಡು ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಮಟ್ಟ ಮಾಡಿ. ಇನ್ನೊಂದು ತುದಿ ನೆಲದಿಂದ ಎಷ್ಟು ಮೇಲಿದೆ ನೋಡಿ. 1 ಅಡಿ ಬಂದರೆ ಶೇ 10 ಇಳಿಜಾರು, ಸುಮಾರು 6 ಡಿಗ್ರಿ. 2 ಅಡಿ ಬಂದರೆ ಶೇ 20, ಅಂದರೆ ಸುಮಾರು 11 ಡಿಗ್ರಿ. ಶೇಕಡಾ ಬೇರೆ, ಡಿಗ್ರಿ ಬೇರೆ, ಕಲಸಿಕೊಳ್ಳಬೇಡಿ. 2 ಅಡಿ ದಾಟಿದ ಕಡೆ ಸಣ್ಣ ಟ್ರ್ಯಾಕ್ಟರನ್ನು ಅಡ್ಡಡ್ಡ ಓಡಿಸಬೇಡಿ ಅನ್ನುವುದು ನನ್ನ ಮಾತು. ಕಲ್ಲು, ಗುಂಡಿ ಜಾಸ್ತಿ ಇದ್ದರೆ ಅದಕ್ಕಿಂತ ಮೊದಲೇ ನಿಲ್ಲಿಸಿ.

ಈಗ ಗಾಡಿ. ಎರಡೂವರೆ ಎಕರೆಗೆ 30 ಎಚ್‌ಪಿಗಿಂತ ಕೆಳಗಿನದು ಸಾಕು. ಮಹೀಂದ್ರಾ ಜೀವೊ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ2441, ಎರಡೂ 24 ಎಚ್‌ಪಿಯ ಫೋರ್ ವೀಲ್ ಗಾಡಿಗಳು. ಈ ಗಾತ್ರದಲ್ಲಿ ಹುಡುಕಿ. ಸ್ವರಾಜ್ 717ರಂಥ 15 ಎಚ್‌ಪಿಯ ಟೂ ವೀಲ್ ಗಾಡಿ ಮಟ್ಟಸವಾದ ತೋಟಕ್ಕೆ ಸರಿ, ನಿಮ್ಮ ಹೊಲಕ್ಕೆ ಬೇಡ. ಶೋರೂಮಿನಲ್ಲಿ ಮೊದಲು ಕೇಳಬೇಕಾದ್ದು ಬೆಲೆಯಲ್ಲ: ಹಿಂದಿನ ಚಕ್ರವನ್ನು ಎಷ್ಟು ಅಗಲಕ್ಕೆ ಹೊರತರಬಹುದು? ರಿಮ್ ತಿರುಗಿಸಿ ಹಾಕಿದರೆ ಕೆಲವು ಗಾಡಿಗಳಲ್ಲಿ ಚೆನ್ನಾಗಿಯೇ ಅಗಲ ಸಿಗುತ್ತದೆ. ಹಿಂದಿನ ಟೈರಿನ ಮುಕ್ಕಾಲು ಭಾಗಕ್ಕೆ ನೀರು ತುಂಬಿಸಿ, ತೂಕ ಕೆಳಗೆ ಕೂರುತ್ತದೆ. ಎರಡನೆಯದು, ಸೀಟಿನ ಹಿಂದೆ ರೋಲ್ ಬಾರ್, ಅಂದರೆ ಗಾಡಿ ಮಗುಚಿದರೂ ನೀವು ಅಡಿಗೆ ಸಿಗದಂತೆ ಕಾಯುವ ಕಬ್ಬಿಣದ ಕಮಾನು, ಇದೆಯಾ? ಇಲ್ಲದಿದ್ದರೆ ಹಾಕಿಸಿಕೊಡಿ ಅಂತ ಹಟ ಹಿಡಿಯಿರಿ. ಬಾರ್ ಎತ್ತಿ ನಿಲ್ಲಿಸಿದ್ದಾಗ ಬೆಲ್ಟ್ ಕಟ್ಟಲೇಬೇಕು. ಮಾವಿನ ಕೊಂಬೆಗೆ ತಾಗುತ್ತದೆ ಅಂತ ಮಡಚಿದ್ದರೆ, ಅಥವಾ ಬಾರೇ ಇಲ್ಲದಿದ್ದರೆ, ಬೆಲ್ಟ್ ಕಟ್ಟಬಾರದು. ಬಾರ್ ಇಲ್ಲದೆ ಕಟ್ಟಿಕೊಂಡರೆ ಗಾಡಿಯ ಜೊತೆ ನೀವೂ ಅಡಿಗೆ ಹೋಗುತ್ತೀರಿ.

ಪವರ್ ಟಿಲ್ಲರ್ ಸಾಕಾಗಲ್ವಾ ಅಂತ ಕೇಳುವವರಿಗೆ ಒಂದು ಮಾತು. ಕಡಿದಾದ ಕಡೆ ಇಳಿಯುವಾಗ ಬಲಕ್ಕೆ ತಿರುಗಿಸಲು ಟಿಲ್ಲರಿನ ಹಿಡಿಯಲ್ಲಿರುವ ಬಲಗಡೆ ಸ್ಟೀರಿಂಗ್ ಕ್ಲಚ್ ಹಿಡಿದರೆ ಅದು ಎಡಕ್ಕೆ ತಿರುಗಬಹುದು. ಎಂಜಿನ್ ತಡೆಯುತ್ತಿದ್ದ ಚಕ್ರವನ್ನು ನೀವು ಬಿಟ್ಟುಬಿಡುತ್ತೀರಿ, ಅದು ಸಲೀಸಾಗಿ ಮುಂದೆ ಓಡುತ್ತದೆ. ಇದು ಗೊತ್ತಿಲ್ಲದೆ ಬದುವಿನ ಕೆಳಗೆ ಬಿದ್ದವರಿದ್ದಾರೆ. ವರ್ಷಕ್ಕೆ ನಾಲ್ಕೈದು ದಿನದ ಕೆಲಸ ಮಾತ್ರ ಇದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ಕೊಳ್ಳುವುದೇ ಆದರೆ ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇಟ್ಟುಕೊಂಡು ಹೋಗಿ.

ಕೇಳದೇ ಇರುವ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು. ಟ್ರ್ಯಾಕ್ಟರಿಗೆ ಕ್ಷೇಮ ಮೇಲಿಂದ ಕೆಳಕ್ಕೆ ಉಳುವುದು. ಮಣ್ಣಿಗೆ ಕ್ಷೇಮ ಇಳಿಜಾರಿಗೆ ಅಡ್ಡವಾಗಿ ಉಳುವುದು. ಮೇಲಿಂದ ಕೆಳಕ್ಕೆ ಬಿದ್ದ ಪ್ರತಿ ಸಾಲೂ ಮಳೆ ನೀರಿಗೆ ಕಾಲುವೆ. ನಮ್ಮ ಕೆಂಪು ಮಣ್ಣು ಒಂದು ಜೋರು ಮಳೆಗೆ ಕೆಳಗಿನವರ ಹೊಲ ಸೇರುತ್ತದೆ. ಅದರ ಮೇಲೆ ರೋಟವೇಟರ್ ಹಾಕಿ ಹಿಟ್ಟು ಮಾಡಿದರೆ ಕೇಳುವುದೇ ಬೇಡ. ಕಲ್ಟಿವೇಟರ್ ಸಾಕು, ಹೆಂಟೆ ಸ್ವಲ್ಪ ಉಳಿಯಲಿ.

ಈ ಎರಡಕ್ಕೂ ಹೊಂದುವ ದಾರಿ ಒಂದೇ: ಬದು ಹಾಕಿ ಹೊಲವನ್ನು ಪಟ್ಟಿಪಟ್ಟಿಯಾಗಿ ಒಡೆಯುವುದು. ಪಟ್ಟಿಯೊಳಗೆ ಇಳಿಜಾರು ಕಡಿಮೆ, ಅಲ್ಲಿ ಅಡ್ಡ ಉಳುಮೆಗೆ ಗಾಡಿಯೂ ಹೆದರುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿಸಿಕೊಂಡವರು ನಿಮ್ಮ ಸುತ್ತಲೇ ಇರುತ್ತಾರೆ, ಹೋಗಿ ನೋಡಿ. ಬದು ನಿಲ್ಲಲು ಅದರ ಮೇಲೆ ಲಾವಂಚ ನೆಡಿ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚ ನೆಡುವುದು ತಲೆಮಾರುಗಳಿಂದ ಬಂದ ರೂಢಿ. ಬೇರು ನೇರ ಕೆಳಗಿಳಿಯುತ್ತದೆ, ರಾಗಿಯ ಪಾಲು ತಿನ್ನುವುದಿಲ್ಲ. ಬುಡ ಒಡೆದು ಒತ್ತೊತ್ತಾಗಿ, ಮುಂಗಾರು ಶುರುವಾಗುತ್ತಿದ್ದಂತೆ ನೆಡಿ. ಬದು ಹಾಕುವಾಗಲೇ ಪಟ್ಟಿಯ ಎರಡೂ ತುದಿಯಲ್ಲಿ ಟ್ರ್ಯಾಕ್ಟರ್ ತಿರುಗಿಸಲು 12ರಿಂದ 15 ಅಡಿ ಮಟ್ಟಸವಾದ ಜಾಗ ಬಿಡಿಸಿ. ಪಟ್ಟಿಯಿಂದ ಪಟ್ಟಿಗೆ ಹೋಗಲು ಬದುವನ್ನು ಹತ್ತಿಸಬೇಡಿ, ಒಂದು ಪಕ್ಕದಲ್ಲಿ ದಾರಿ ಇರಲಿ.