ಬಿಳಿ ವೈನ್‌ನಲ್ಲಿ ಕರಿಮೆಣಸಿನ ಘಮ

ವೈನ್ ರುಚಿ ನೋಡುವವರ ವರ್ಣನೆ ಓದಿದರೆ ನನಗೆ ನಗು ಬರುತ್ತದೆ. ಗ್ಲಾಸ್ ಮೂಸಿ, ಒದ್ದೆ ಕಲ್ಲಿನ ವಾಸನೆ ಇದೆ, ಜೇನುಮೇಣ ಇದೆ ಅಂತೆಲ್ಲ ಬರೆಯುತ್ತಾರೆ. ಅರ್ಧಕ್ಕರ್ಧ ಬುರುಡೆ ಎಂದೇ ನನ್ನ ಅನುಮಾನ. ಆದರೆ ಗ್ರೂನರ್ ವೆಲ್ಟ್‌ಲಿನರ್ ಎಂಬ ಬಿಳಿ ದ್ರಾಕ್ಷಿಯ ವೈನ್‌ನಲ್ಲಿ ಕರಿಮೆಣಸು ಘಮ್ಮೆನ್ನುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಹುದು. ಅದು ಬರೀ ಕಲ್ಪನೆಯಲ್ಲ, ಲ್ಯಾಬ್‌ನಲ್ಲಿ ಅಳೆದ ಸಂಗತಿ.

ಬೆಂಗಳೂರಿನವರಿಗೆ ಈ ತಳಿ ಅಪರಿಚಿತ. ನಮಗೆ ದ್ರಾಕ್ಷಿ ಎಂದರೆ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ. ಗ್ರೂನರ್ ಊರು ಆಸ್ಟ್ರಿಯಾ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದರದ್ದೇ. ಹೆತ್ತವರಲ್ಲಿ ಒಂದು ಟ್ರಮೀನರ್ ಎಂಬ ಹಳೇ ತಳಿ. ಇನ್ನೊಂದು ಯಾವುದೆಂದು ಬಹಳ ಕಾಲ ಗೊತ್ತಿರಲಿಲ್ಲ. 2000ರಲ್ಲಿ ಸಾಂಕ್ಟ್ ಗಿಯೋರ್ಗೆನ್ ಎಂಬ ಹಳ್ಳಿಯಲ್ಲಿ, ಯಾರೂ ಆರೈಕೆ ಮಾಡದೆ ಬಿಟ್ಟಿದ್ದ ಒಂದೇ ಒಂದು ಮುದಿ ಬಳ್ಳಿ ಸಿಕ್ಕಿತು. ಡಿಎನ್‌ಎ ಹೋಲಿಸಿ ನೋಡಿದರೆ, ಹುಡುಕುತ್ತಿದ್ದದ್ದು ಅದೇ!

ಈಗ ಮೆಣಸಿನ ವಿಷಯಕ್ಕೆ ಬರೋಣ. ಮೆಣಸಿಗೆ ಖಾರ ಕೊಡುವುದು ಪೈಪರಿನ್. ಘಮದಲ್ಲಿ ದೊಡ್ಡ ಪಾಲು ರೊಟಂಡೋನ್ ಎಂಬ ಬೇರೆಯೇ ಅಣುವಿನದು. ಇದು ಮೊದಲು ಸಿಕ್ಕಿದ್ದು ಮೆಣಸಿನಲ್ಲೂ ಅಲ್ಲ, ದ್ರಾಕ್ಷಿಯಲ್ಲೂ ಅಲ್ಲ, ಕೊನ್ನಾರಿ ಗೆಡ್ಡೆಯಲ್ಲಿ. ಹೌದು, ನಮ್ಮ ಹೊಲ, ಕೈತೋಟಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರುವ ಅದೇ ಕಳೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಶಿರಾಜ್ ಎಂಬ ಕೆಂಪು ದ್ರಾಕ್ಷಿಯ ಮೆಣಸಿನ ವಾಸನೆಗೂ, ಕಾಳುಮೆಣಸಿನ ಘಮಕ್ಕೂ ಇದೇ ಕಾರಣ ಎಂದು ತೋರಿಸಿದರು. 2011ರಲ್ಲಿ ಇಟಲಿಯವರು ಗ್ರೂನರ್‌ನಲ್ಲೂ ಇದನ್ನು ಅಳೆದರು. ಇದು ಇರುವುದು ಹಣ್ಣಿನ ಸಿಪ್ಪೆಯಲ್ಲಿ. ಬಿಳಿ ವೈನ್ ಮಾಡುವಾಗ ಸಿಪ್ಪೆಯನ್ನು ಬೇಗ ಬೇರ್ಪಡಿಸುತ್ತಾರೆ. ಅಷ್ಟಾದರೂ ಗ್ರೂನರ್‌ನಲ್ಲಿ ಘಮ ಉಳಿಯುತ್ತದೆ ಎಂದರೆ, ಮೂಗಿಗೆ ಇದು ಎಷ್ಟು ಕಡಿಮೆ ಸಾಕು ನೋಡಿ.

ಲೀಟರ್ ನೀರಿಗೆ 8 ನ್ಯಾನೋಗ್ರಾಂ ಇದ್ದರೆ ಸಾಕು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 12 ಸಾವಿರ ಲೀಟರ್ ಟ್ಯಾಂಕರ್‌ಗೆ ಲೆಕ್ಕ ಹಾಕಿದರೆ, ಪುಡಿ ಉಪ್ಪಿನ ಒಂದೆರಡು ಕಣದಷ್ಟು ತೂಕ.

ಇದಕ್ಕಿಂತ ಮಜಾ ಇನ್ನೊಂದಿದೆ. ಆಸ್ಟ್ರೇಲಿಯಾದವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಲೀಟರ್ ನೀರಿಗೆ 4,000 ನ್ಯಾನೋಗ್ರಾಂ ಹಾಕಿದರೂ ಏನೂ ವಾಸನೆ ಬರಲಿಲ್ಲ. ಉಳಿದವರಿಗೆ ಸಾಕಾದದ್ದರ 500 ಪಟ್ಟು ಅದು! ಅಂದರೆ ಒಂದೇ ಬಾಟಲಿಯ ಮುಂದೆ ಕೂತ ಇಬ್ಬರಲ್ಲಿ ಒಬ್ಬರು 'ಮೆಣಸು' ಅನ್ನಬಹುದು, ಇನ್ನೊಬ್ಬರು 'ಎಲ್ಲಿದೆ?' ಅನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೆಣಸಿನ ಸಾರು ಕುಡಿಯುವಾಗಲೂ ಮನೆಯಲ್ಲಿ ಇದೇ ನಡೆಯುತ್ತಿರಬಹುದು ಅಲ್ವಾ? ಖಾರ ಗೊತ್ತಾದರೂ, ಘಮ ಮಾತ್ರ ಕೆಲವರಿಗೆ ಕಮ್ಮಿ.

ನಂದಿ ಬೆಟ್ಟದ ತಪ್ಪಲಲ್ಲೇ ಗ್ರೂನರ್ ನೆಟ್ಟರೆ? ನನಗೆ ಅಷ್ಟು ಆಸೆಯಿಲ್ಲ. ಶಿರಾಜ್ ತೋಟಗಳಲ್ಲಿ ನೋಡಿದಂತೆ, ಹಣ್ಣು ತಂಪಿನಲ್ಲಿ, ನೆರಳಿನಲ್ಲಿ ಮಾಗಿದಾಗ ರೊಟಂಡೋನ್ ಜಾಸ್ತಿ. ಬಿಸಿಲು ಏರಿದಷ್ಟೂ ಕಡಿಮೆ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಬಳ್ಳಿ ಸವರಿ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಣ್ಣು ಕೊಯ್ಯುತ್ತಾರೆ. ಆಸ್ಟ್ರಿಯಾದಲ್ಲಿ ಚಳಿ ಏರುವಾಗ ಕೊಯ್ಲು, ಇಲ್ಲಿ ಬಿಸಿಲು ಏರುವಾಗ. ಬಳ್ಳಿ ಬದುಕೀತು, ಮೆಣಸು ಉಳಿಯುವುದು ಕಷ್ಟ.

ಎಲ್ಲಾದರೂ ಗ್ರೂನರ್ ಕಣ್ಣಿಗೆ ಬಿದ್ದರೆ, ಮೊದಲು ಒಂದೆರಡು ಕಾಳುಮೆಣಸು ಜಜ್ಜಿ ಮೂಸಿ, ಆಮೇಲೆ ಗ್ಲಾಸ್ ಮೂಸಿ. ಫ್ರಿಜ್‌ನಿಂದ ತೆಗೆದ ಕೂಡಲೇ ಬೇಡ. ತೀರಾ ತಣ್ಣಗಿದ್ದರೆ ಘಮದ ಅಣುಗಳು ಅಷ್ಟಾಗಿ ಮೇಲೇಳುವುದಿಲ್ಲ.