ಹುರುಳಿಕಾಯಿಯಲ್ಲಿ ಹುರುಳಿ ಇಲ್ಲ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕುತ್ತಾ ಇಂಗ್ಲಿಷಿನ ‘ಬೀನ್’ ಪದಕ್ಕೆ ಕನ್ನಡ ಹುಡುಕಿ ನೋಡಿ. ತರಕಾರಿ ಸಾಲಿನಲ್ಲಿ ಅದು ಹುರುಳಿಕಾಯಿ. ಪಕ್ಕದ ರಾಶಿಯಲ್ಲಿ ಗೋರಿಕಾಯಿ. ಚಳಿಗಾಲವಾದರೆ ಸೊಗಡಿನ ಅವರೆಕಾಯಿ. (ನಾಟಿ ಅವರೆ ಹೂ ಬಿಡುವುದೇ ಹಗಲು ಚಿಕ್ಕದಾಗುತ್ತಾ ಬಂದ ಮೇಲೆ.) ಕಾಫಿಪುಡಿ ಅಂಗಡಿ ಮುಂದೆ ನಿಂತರೆ ಅದೇ ಪದ ಕಾಫಿ ಬೀಜ.

ಈ ಕೊನೆಯದರಲ್ಲಿ ನಮ್ಮ ಮಾತೇ ಸರಿ. ಕಾಫಿ ಅವರೆಗೆ ನೆಂಟನೇ ಅಲ್ಲ, ಇಕ್ಸೋರಾ ಹೂವಿನ ಬಳಗದ್ದು. ಕೆಂಪು ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ ಒಂದಕ್ಕೊಂದು ಒತ್ತಿಕೊಂಡು ಬೆಳೆಯುತ್ತವೆ. ಅದಕ್ಕೇ ಒಂದು ಬದಿ ಚಪ್ಪಟೆ. ಒಂದೇ ಬೀಜ ಬೆಳೆದರೆ ದುಂಡಗಾಗುತ್ತದೆ, ಅಂಗಡಿಯವರು ಹೇಳುವ ಪೀಬೆರಿ ಅದೇ. ಕೋಕೋ ದಾಸವಾಳದ ಕುಟುಂಬ, ವೆನಿಲ್ಲಾ ಆರ್ಕಿಡ್. ಆಕಾರ ನೋಡಿ ಎಲ್ಲವನ್ನೂ ಬೀನ್ ಅಂದುಬಿಟ್ಟರು.

ಹಾಗಂತ ನಾವು ಬೀಗುವ ಹಾಗಿಲ್ಲ. ಹುರುಳಿಕಾಯಿ ಹುರುಳಿ ಗಿಡದ ಕಾಯಿ ಅಲ್ಲ! ಹುರುಳಿ ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಇದೆ. ಹುರುಳಿಕಾಯಿ ಅಮೆರಿಕ ಖಂಡದ್ದು, 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲಷ್ಟೇ ಹಡಗು ಹತ್ತಿ ಈ ಕಡೆ ಬಂದದ್ದು. ರಾಜ್ಮಾ ಕೂಡ ಅದೇ ಜಾತಿಯ ಕಾಳು. ಅದನ್ನು ನೆನೆಸಿ, ಚೆನ್ನಾಗಿ ಕುದಿಸಿಯೇ ತಿನ್ನಬೇಕು. ಅರೆಬೆಂದದ್ದು ತಿಂದರೆ ವಾಂತಿ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ.

ಹೆಸರು ನಂಬುವ ಹಾಗಿಲ್ಲ ಅಂದಮೇಲೆ, ಯಾವುದು ಅವರೆಯ ಕುಟುಂಬ ಅಂತ ತಿಳಿಯಲು ಬೇರು ನೋಡಬೇಕು. ಮಂಡ್ಯ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಿಂದ ಒಂದು ಅವರೆ ಗಿಡವನ್ನು ಮೆಲ್ಲಗೆ ಕೀಳಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಉಗುರಿನಲ್ಲಿ ಒಂದನ್ನು ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ ಇದೆಯಲ್ಲ, ಅದರ ದಾಯಾದಿಯ ಬಣ್ಣ ಅದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಫಜೀತಿ ಅಲ್ವಾ? ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು, ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತದೆ. ಕಾಫಿ ಬೇರಿನಲ್ಲಿ ಇಂಥ ಗಂಟು ಹುಡುಕಿದರೂ ಸಿಗುವುದಿಲ್ಲ.

ಆದರೆ ಬೇರೂ ಪೂರ್ತಿ ಸಾಕ್ಷಿ ಹೇಳುವುದಿಲ್ಲ. ಯಾರೂ ಬೀನ್ ಅನ್ನದ ನಮ್ಮ ಹುಣಸೆ ಇದೇ ಕುಟುಂಬದ ಮರ, ಅದು ಮಾತ್ರ ಗಂಟು ಕಟ್ಟುವುದಿಲ್ಲ. ಅವರೆಕಾಳು ಸಾರಿಗೆ ಹುಣಸೆಹುಳಿ ಹಿಂಡುವಾಗ ನೆಂಟರನ್ನೇ ಒಂದು ಪಾತ್ರೆಗೆ ಸೇರಿಸಿರುತ್ತೀರಿ. ಊಟವಾದ ಮೇಲೆ ಕುಡಿಯುವ ಕಾಫಿ ಹೊರಗಿನದು.