ರಿಪೋರ್ಟಿನಲ್ಲಿ ಕಾಣದ ರಿಸೆಪ್ಟರ್

ಲ್ಯಾಬ್ ರಿಪೋರ್ಟ್ ಹಿಡಿದು ಬರುವವರ ಕಣ್ಣು ಒಂದೇ ಸಾಲಿನ ಮೇಲೆ ಇರುತ್ತದೆ. ಟೆಸ್ಟೊಸ್ಟೆರಾನ್, ಅಂದರೆ ಗಂಡು ಹಾರ್ಮೋನ್, ಎಷ್ಟು? ಸ್ವಲ್ಪ ಕಡಿಮೆ ಕಂಡರೆ ಮುಂದಿನ ಪ್ರಶ್ನೆಯೂ ರೆಡಿ. "ಡಾಕ್ಟ್ರೇ, ಒಂದು ಇಂಜೆಕ್ಷನ್ ತಗೊಂಡ್ರೆ ಸರಿಹೋಗುತ್ತೆ ಅಲ್ವಾ?"

ರಕ್ತದಲ್ಲಿ ಹಾರ್ಮೋನ್ ಎಷ್ಟು ಓಡಾಡುತ್ತಿದೆ ಅನ್ನುವುದಷ್ಟೇ ಆ ಅಂಕಿಯಿಂದ ಗೊತ್ತಾಗುತ್ತದೆ. ಓಡಾಡುವ ಹಾರ್ಮೋನನ್ನು ಜೀವಕೋಶದೊಳಗೆ ಹಿಡಿದುಕೊಳ್ಳಲು ಆಂಡ್ರೊಜೆನ್ ರಿಸೆಪ್ಟರ್ ಎಂಬ ಪ್ರೊಟೀನ್ ಬೇಕು. ಇದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡು ಮಗುವಿಗೆ ಎಕ್ಸ್ ಸಿಗುವುದು ತಾಯಿಯಿಂದ, ವೈ ತಂದೆಯಿಂದ. ಅಂದರೆ ಗಂಡು ಹಾರ್ಮೋನನ್ನು ಹಿಡಿಯುವ ಶಕ್ತಿ ಗಂಡು ಮಗುವಿಗೆ ತಾಯಿಯಿಂದಲೇ ಬರಬೇಕು! ಈ ಜೀನ್ ಪೂರ್ತಿ ಕೆಟ್ಟಿದ್ದರೆ, ಎಕ್ಸ್‌ವೈ ಮಗುವಿನ ದೇಹದಲ್ಲಿ ಟೆಸ್ಟೊಸ್ಟೆರಾನ್ ಬೇಕಾದಷ್ಟಿದ್ದರೂ ಹೊರನೋಟಕ್ಕೆ ಹೆಣ್ಣಿನ ದೇಹವೇ ಬೆಳೆಯುತ್ತದೆ.

ರಿಸೆಪ್ಟರ್ ಅಂದರೆ ಬೀಗ, ಹಾರ್ಮೋನ್ ಅಂದರೆ ಕೀ ಅಂತ ನಾನೂ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಕೀ ಬಾರದಿದ್ದರೂ ಬೀಗ ವರ್ಷಗಟ್ಟಲೆ ಬಾಗಿಲಲ್ಲೇ ತೂಗುತ್ತಿರುತ್ತದೆ. ರಿಸೆಪ್ಟರ್ ಹಾಗಲ್ಲ. ಹಾರ್ಮೋನ್ ಬಾರದಿದ್ದರೆ ಜೀವಕೋಶ ಅದನ್ನು ಕೆಲವೇ ಗಂಟೆಗಳಲ್ಲಿ ಒಡೆದುಹಾಕುತ್ತದೆ. ಬಂದು ಅಂಟಿಕೊಂಡರೆ ಅದರ ಆಕಾರ ಬದಲಾಗುತ್ತದೆ, ಆಯಸ್ಸು ಹೆಚ್ಚುತ್ತದೆ. ಆಮೇಲೆ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಕೂತು ಜೀನುಗಳಿಗೆ ಕೆಲಸ ಹಚ್ಚುತ್ತದೆ. ತನ್ನನ್ನು ಹಿಡಿಯುವ ಪ್ರೊಟೀನನ್ನು ಉಳಿಸಿಕೊಳ್ಳುವುದೂ ಹಾರ್ಮೋನೇ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಇದು ಇನ್ನೂ ಸ್ವಾರಸ್ಯ. ಅಲ್ಲಿ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಟೆಸ್ಟೊಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೊಂದು ಗಂಡು ಹಾರ್ಮೋನಾಗಿ ಬದಲಿಸುತ್ತದೆ. ಡಿಎಚ್‌ಟಿಯ ಹಿಡಿತ ಬಿಗಿ. ಅಂಟಿದರೆ ಬೇಗ ಬಿಡುವುದಿಲ್ಲ, ಹಾಗಾಗಿ ರಿಸೆಪ್ಟರೂ ಜಾಸ್ತಿ ಹೊತ್ತು ಉಳಿಯುತ್ತದೆ. ಟೆಸ್ಟೊಸ್ಟೆರಾನ್ ತಯಾರಾಗುವ ಬೀಜವನ್ನು (ವೃಷಣ) ಇಲಿಗಳಲ್ಲಿ ತೆಗೆದಾಗ ಪ್ರಾಸ್ಟೇಟಿನ ಕೋಶಕೇಂದ್ರಗಳಿಂದ ರಿಸೆಪ್ಟರ್ ಮಾಯವಾಗುತ್ತದೆ. ಆದರೆ ಅದನ್ನು ತಯಾರಿಸಲು ಜೀನ್ ಕಳಿಸುವ ಸಂದೇಶ, ಅಂದರೆ ಎಂಆರ್‌ಎನ್‌ಎ, ಏರುತ್ತದೆ! ಟೆಸ್ಟೊಸ್ಟೆರಾನ್ ಕೊಟ್ಟರೆ ಪ್ರೊಟೀನ್ ವಾಪಸ್ ಬರುತ್ತದೆ, ಎಂಆರ್‌ಎನ್‌ಎ ಇಳಿಯುತ್ತದೆ. ಹಾರ್ಮೋನ್ ಒಂದು ಕಡೆ ರಿಸೆಪ್ಟರನ್ನು ಕಾಯುತ್ತದೆ, ಇನ್ನೊಂದು ಕಡೆ ಹೊಸದರ ಉತ್ಪಾದನೆಗೆ ಕಡಿವಾಣ ಹಾಕುತ್ತದೆ. ಎಂಆರ್‌ಎನ್‌ಎ ಒಂದನ್ನೇ ಅಳೆದವರು ಇಲ್ಲಿ ಪೂರ್ತಿ ಉಲ್ಟಾ ತೀರ್ಮಾನಕ್ಕೆ ಬಂದುಬಿಡಬಹುದು.

ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇದೇ ರಿಸೆಪ್ಟರ್ ತಲೆನೋವಾಗುತ್ತದೆ. ಹಾರ್ಮೋನ್ ಇಳಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ತೋರಿಸಿದವರು ವೈದ್ಯ ಚಾರ್ಲ್ಸ್ ಹಗಿನ್ಸ್. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಮತ್ತೆ ತಲೆ ಎತ್ತುವುದುಂಟು. ಅಂಥ ಎಷ್ಟೋ ಗಡ್ಡೆಗಳಲ್ಲಿ ರಿಸೆಪ್ಟರಿನ ಜೀನ್ ಹಲವು ಪ್ರತಿಗಳಾಗಿರುತ್ತದೆ. ಚೂರುಪಾರು ಹಾರ್ಮೋನಿನಲ್ಲೇ ಅವು ಬದುಕಲು ಕಲಿತಿರುತ್ತವೆ.

ಬೀಜದ ಲೆಕ್ಕವೇ ಬೇರೆ. ಅದರೊಳಗೆ ಟೆಸ್ಟೊಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅದನ್ನು ಹಿಡಿಯುವುದು ವೀರ್ಯಾಣುಗಳಲ್ಲ, ಅವುಗಳನ್ನು ಸಾಕುವ ಸರ್ಟೋಲಿ ಕೋಶಗಳು. ಇಲಿಗಳಲ್ಲಿ ವೀರ್ಯಾಣು ತಯಾರಾಗುವ ಚಕ್ರಕ್ಕೆ 14 ಹಂತ. ಈ ಕೋಶಗಳಲ್ಲಿ ರಿಸೆಪ್ಟರ್ ತುಂಬಿರುವುದು 7-8ನೇ ಹಂತದ ಆಸುಪಾಸಿನಲ್ಲಿ, ಆಮೇಲೆ ಇಳಿಯುತ್ತದೆ. ಈ ಏರಿಳಿತದಲ್ಲಿ ಟೆಸ್ಟೊಸ್ಟೆರಾನ್ ಜೊತೆಗೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಕೈಯೂ ಇದೆ. ಚಿಕ್ಕ ಜಾತಿಯ ಇಲಿಗಳ (ಮೌಸ್) ಸರ್ಟೋಲಿ ಕೋಶಗಳಿಂದ ಮಾತ್ರ ರಿಸೆಪ್ಟರ್ ತೆಗೆದು ನೋಡಿದ್ದಾರೆ. ವೀರ್ಯಾಣು ಅರ್ಧ ದಾರಿಯಲ್ಲೇ ನಿಂತುಹೋಯಿತು.

ಈಗ ಆ ಇಂಜೆಕ್ಷನ್ ವಿಷಯಕ್ಕೆ ಬನ್ನಿ. ಹೊರಗಿನಿಂದ ಟೆಸ್ಟೊಸ್ಟೆರಾನ್ ಚುಚ್ಚಿದರೆ ರಿಪೋರ್ಟಿನ ಅಂಕಿ ಏರುತ್ತದೆ. ಅದನ್ನು ನೋಡಿ ಪಿಟ್ಯುಟರಿಯು ಬೀಜಕ್ಕೆ ಟೆಸ್ಟೊಸ್ಟೆರಾನ್ ಮಾಡಲು ಹೇಳುವ ಎಲ್‌ಎಚ್ ಹಾರ್ಮೋನನ್ನೂ ಎಫ್‌ಎಸ್‌ಎಚ್ ಅನ್ನೂ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಎಲ್‌ಎಚ್ ಇಲ್ಲದೆ ಬೀಜ ತನ್ನ ಟೆಸ್ಟೊಸ್ಟೆರಾನ್ ಮಾಡುವುದನ್ನು ನಿಲ್ಲಿಸುತ್ತದೆ. ರಕ್ತದಲ್ಲಿ ತುಂಬಿದೆ, ಬೀಜದೊಳಗೆ ಬರ. ಸರ್ಟೋಲಿ ಕೋಶದ ರಿಸೆಪ್ಟರಿಗೆ ಹಿಡಿಯಲು ಏನೂ ಸಾಕಾಗುವುದಿಲ್ಲ. ಮೈಕಟ್ಟಿಗೆಂದು ಸುಮ್ನೆ ಚುಚ್ಚಿಸಿಕೊಂಡ ಹುಡುಗರ ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು.

ಹಾಗಾಗಿ ಇಂಜೆಕ್ಷನ್ ಕೇಳಿದವರಿಗೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: ಮುಂದೆ ಮಗು ಬೇಕಾ? ಬೇಕು ಅಂದರೆ ನಾನು ಟೆಸ್ಟೊಸ್ಟೆರಾನ್ ಬರೆಯುವುದಿಲ್ಲ. ಚಿಕಿತ್ಸೆ ಬೇಕೇ ಬೇಕೆಂದಾದರೆ, ಎಲ್‌ಎಚ್ ಮಾಡುವ ಕೆಲಸವನ್ನೇ ಮಾಡುವ ಎಚ್‌ಸಿಜಿಯಂಥ ಔಷಧಿ ನೋಡುತ್ತೇವೆ. ಅದು ಬೀಜದಿಂದಲೇ ಹಾರ್ಮೋನ್ ಮಾಡಿಸುತ್ತದೆ.